ಪಠ್ಯಕ್ರಮ ಮನೆಯವರಿಗೂ ತಿಳಿಯಲಿ



ಮಗು ಶಾಲೆಯಲ್ಲಿ ಏನನ್ನು ಕಲಿಯಬೇಕು, ಯಾವ ವಯಸ್ಸಿನಲ್ಲಿ ಕಲಿಯಬೇಕು, ಯಾವ ರೀತಿಯಲ್ಲಿ ಕಲಿಯಬೇಕು, ಕಲಿತಿದೆಯೋ ಇಲ್ಲವೋ ಎಂಬುದನ್ನು ಹೇಗೆ ತಿಳಿಯಬೇಕು? ಈ ನಾಲ್ಕು ಪ್ರಶ್ನೆಗಳಿಗೆ ಒಂದು ನಾಡು ಒಪ್ಪಿಕೊಂಡ ಉತ್ತರವೇ ಪಠ್ಯಕ್ರಮ. ಭಾರತದಲ್ಲಿ ಈ ಉತ್ತರವನ್ನು ಈಚೆಗೆ ಹೊಸದಾಗಿ ಬರೆಯಲಾಗಿದೆ. 2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ನೀಡಿತು. 2022ರ ಅಕ್ಟೋಬರಿನಲ್ಲಿ ಎಳೆಯ ಮಕ್ಕಳ ಬುನಾದಿ ಹಂತಕ್ಕೆ, 2023ರ ಆಗಸ್ಟಿನಲ್ಲಿ ಇಡೀ ಶಾಲಾ ಶಿಕ್ಷಣಕ್ಕೆ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟುಗಳು ಪ್ರಕಟವಾದವು. ಇವನ್ನು ರೂಪಿಸಿದ ಸಮಿತಿಗೆ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅಧ್ಯಕ್ಷರಾಗಿದ್ದರು.

ಈ ದಾಖಲೆಗಳು ನೂರಾರು ಪುಟಗಳವು. ಪಠ್ಯಪುಸ್ತಕ ಬರೆಯುವವರನ್ನೂ ಶಿಕ್ಷಕರಿಗೆ ತರಬೇತಿ ಕೊಡುವವರನ್ನೂ ಮುಖ್ಯವಾಗಿ ಉದ್ದೇಶಿಸಿದವು. ಹೊಲ, ತೋಟ, ಅಂಗಡಿ, ಕೂಲಿಯ ನಡುವೆ ಮಕ್ಕಳನ್ನು ಓದಿಸುತ್ತಿರುವ ಮನೆಗಳಿಗೆ ಅವು ತಲುಪುವುದಿಲ್ಲ. ಮನೆಗೆ ತಲುಪುವುದು ಬದಲಾದ ಪುಸ್ತಕ, ಬದಲಾದ ಅಂಕಪಟ್ಟಿ, ಬದಲಾದ ಪರೀಕ್ಷೆ. ಬದಲಾವಣೆ ಮಾತ್ರ ಕಂಡು ಅದರ ಕಾರಣ ತಿಳಿಯದಿದ್ದಾಗ ಪೋಷಕರಲ್ಲಿ ಆತಂಕ ಹುಟ್ಟುವುದು ಸಹಜ. ಆ ಆತಂಕಕ್ಕೆ ತಿಳಿವಳಿಕೆಯೇ ಮದ್ದು.

ಈ ಉಪನ್ಯಾಸವನ್ನು ನಾಲ್ಕು ಭಾಗಗಳಲ್ಲಿ ಮುಂದಿಡಲಾಗಿದೆ. ಮೊದಲನೆಯದು, ಕಲಿಕೆಯ ವಿವರವನ್ನು ಊರಿನ ಮುಂದೆ ಸಾರಿ ಹೇಳಿದ, ಶಿಕಾರಿಪುರ ಸೀಮೆಯ ಬಳ್ಳಿಗಾವಿಯ ಪರಂಪರೆ. ಎರಡನೆಯದು, ರಾಷ್ಟ್ರೀಯ ಚೌಕಟ್ಟಿನಲ್ಲಿ ಆಗಿರುವ ಬದಲಾವಣೆ ಮತ್ತು ಕರ್ನಾಟಕದಲ್ಲಿ ಅದರ ಸ್ಥಿತಿ. ಮೂರನೆಯದು, ತರಗತಿಯೊಳಗೆ ಓದು, ಲೆಕ್ಕ, ಕಸುಬು, ಕಲೆ ಕಲಿಸುವ ಬಗೆ. ನಾಲ್ಕನೆಯದು, ಮೌಲ್ಯಮಾಪನ ಮತ್ತು ಅದರಲ್ಲಿ ಪೋಷಕರ ಹಕ್ಕು, ಹೊಣೆ.

ಮೊದಲ ಭಾಗಕ್ಕೆ ಬರೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದೇ ಊರಿನಲ್ಲಿದ್ದವು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠ ಕಾಳಾಮುಖ ಶೈವ ಗುರುಗಳ ವಿದ್ಯಾಕೇಂದ್ರ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅದು ಅಚ್ಚಾಗಿದೆ.

ಶಾಸನದ ವಿವರ ಇಂದಿನ ಓದುಗರನ್ನೂ ಬೆರಗುಗೊಳಿಸುವಂಥದು. ನಾಲ್ಕು ವೇದಗಳು ಮತ್ತು ಅವುಗಳ ಅಂಗಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನ ಹೇಳಲಾಗುತ್ತಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವೂ ಪಟ್ಟಿಯಲ್ಲಿದೆ. ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳೂ ಇವೆ. ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ದೇಶಗಳ ಭಿಕ್ಷುಕರು, ಬೇರೆ ಬೇರೆ ಪಂಥಗಳ ಸನ್ಯಾಸಿಗಳು, ಇವರೆಲ್ಲರಿಗೂ ಅಲ್ಲಿ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು. ಸಕಲ ಜೀವಿಗಳಿಗೂ ಅದು ಅಭಯದ ತಾಣವೆಂದು ಶಾಸನ ಸಾರುತ್ತದೆ.

ಈ ದಾಖಲೆಯಲ್ಲಿ ಇಂದಿನ ಚರ್ಚೆಗೆ ಬೇಕಾದ ಮೂರು ಸಂಗತಿಗಳಿವೆ. ಒಂದು, ಕಲಿಸುವ ವಿಷಯಗಳನ್ನು ಹೆಸರು ಹಿಡಿದು ಕಲ್ಲಿನ ಮೇಲೆ ಬರೆಸಿ ಜನರ ನಡುವೆ ನಿಲ್ಲಿಸಿದ್ದು. ದತ್ತಿ ಕೊಟ್ಟವರಿಗೂ ನಾಡಿಗೂ ಆ ಸಂಸ್ಥೆ ಏನು ಮಾಡುತ್ತದೆಂಬುದು ಹೀಗೆ ತಿಳಿಯುತ್ತಿತ್ತು. ಎರಡು, ಶೈವ ಮಠದಲ್ಲಿ ಬೌದ್ಧ ದರ್ಶನವನ್ನೂ ಓದಿಸಿದ್ದು. ತನಗೊಪ್ಪದ ವಾದವನ್ನೂ ಅರಿತಿರಬೇಕೆಂಬ ಎಚ್ಚರ ಅದರಲ್ಲಿದೆ. ಮೂರು, ಅನ್ನ ಮತ್ತು ಆರೋಗ್ಯ ವಿದ್ಯೆಯ ಜೊತೆಯಲ್ಲೇ ಇದ್ದದ್ದು. ಇಂದಿನ ಶಾಲೆಯ ಬಿಸಿಯೂಟವನ್ನು ಕಲಿಕೆಗೆ ಹೊರತಾದ ಕೆಲಸವೆಂದು ಕಾಣುವವರು ಈ ಮೂರನೆಯ ಸಂಗತಿಯನ್ನು ಗಮನಿಸಬೇಕು.

ನೆರೆಯ ತಾಳಗುಂದದ ಸಾಕ್ಷ್ಯವೂ ಮುಖ್ಯವಾದದ್ದು. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನು ಗುರು ವೀರಶರ್ಮನೊಡನೆ ವಿದ್ಯೆಗಾಗಿ ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ ಹೋದನೆಂದು ಅಲ್ಲಿನ ಸ್ತಂಭಶಾಸನ ಹೇಳುತ್ತದೆ. ಮುಂದೆ 12ನೇ ಶತಮಾನದಲ್ಲಿ ಅದೇ ತಾಳಗುಂದದ ಅಗ್ರಹಾರದಲ್ಲಿ ವೇದ, ವ್ಯಾಕರಣಗಳೊಂದಿಗೆ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿ ದೊರೆಯಿತು. ನಾಡನುಡಿಯ ಅಕ್ಷರಾಭ್ಯಾಸ ಈ ಸೀಮೆಯಲ್ಲಿ ಅಷ್ಟು ಹಿಂದೆಯೇ ಸಂಸ್ಥೆಯ ವೆಚ್ಚದ ಬಾಬತ್ತಾಗಿತ್ತು.

ಆದರೆ ಈ ಪರಂಪರೆಯ ಮಿತಿಯನ್ನೂ ಹೇಳದೆ ಬಿಡುವಂತಿಲ್ಲ. ಅನ್ನ ಎಲ್ಲರಿಗೂ ಇತ್ತು, ವೇದ ಶಾಸ್ತ್ರಗಳ ಓದು ಎಲ್ಲರಿಗೂ ಇರಲಿಲ್ಲ. ಹೆಣ್ಣುಮಕ್ಕಳು, ದುಡಿಯುವ ಜಾತಿಗಳು ಬಹುಪಾಲು ಹೊರಗೇ ಉಳಿದವು. ಅದೇ 12ನೇ ಶತಮಾನದಲ್ಲಿ ಬಳ್ಳಿಗಾವಿಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ ಮತ್ತು ಅವರ ಸಂಗಡಿಗರು ಆಳವಾದ ವಿಚಾರವನ್ನು ಆಡುಮಾತಿಗೆ ತಂದರು. ಕಸುಬುದಾರರೂ ಹೆಂಗಸರೂ ಮಾತನಾಡಿದರು, ಪ್ರಶ್ನಿಸಿದರು, ವಚನಗಳನ್ನು ರಚಿಸಿದರು. ಎಲ್ಲ ಮಕ್ಕಳಿಗೂ ಶಾಲೆ ಎಂಬ ಇಂದಿನ ಕಾನೂನು ಈ ಎರಡನೆಯ ಧಾರೆಗೆ ಹತ್ತಿರವಾದದ್ದು.

ಇಲ್ಲಿಗೆ ಮೊದಲ ಭಾಗ ಮುಗಿಯಿತು. ಈಗ ಎರಡನೆಯ ವಿಷಯವಾದ ರಾಷ್ಟ್ರೀಯ ಚೌಕಟ್ಟನ್ನು ನೋಡಬಹುದು.

ಮೊದಲಿಗೆ ಮೂರು ಹಂತಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಪಠ್ಯಕ್ರಮ ಚೌಕಟ್ಟು ಎಂದರೆ ಗುರಿ, ತತ್ವ, ವಿಧಾನಗಳ ನಿರೂಪಣೆ. ಅದನ್ನು ಆಧರಿಸಿ ಆಯಾ ತರಗತಿಗೆ ಆಯಾ ವಿಷಯದಲ್ಲಿ ಇಂತಿಷ್ಟು ಎಂದು ಗೊತ್ತುಪಡಿಸಿದ್ದು ಪಠ್ಯವಸ್ತು, ಜನ ಸಿಲಬಸ್ ಎನ್ನುವುದು ಇದನ್ನೇ. ಅದನ್ನು ಪಾಠಗಳಾಗಿ ಬಿಡಿಸಿ ಮಕ್ಕಳ ಕೈಗೆ ಕೊಡುವುದು ಪಠ್ಯಪುಸ್ತಕ. ಪುಸ್ತಕದ ಒಂದು ಪಾಠ ಬಿಟ್ಟುಹೋದರೆ ಊರಲ್ಲೆಲ್ಲ ಚರ್ಚೆಯಾಗುತ್ತದೆ. ಆ ತರಗತಿ ಮುಗಿಸಿದ ಮಗುವಿಗೆ ಏನೇನು ಬರಬೇಕು ಎಂಬ ಮೂಲ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ.

ರಾಷ್ಟ್ರಮಟ್ಟದ ಚೌಕಟ್ಟುಗಳು 1975, 1988, 2000 ಮತ್ತು 2005ರಲ್ಲಿಯೂ ಬಂದಿದ್ದವು. 2005ರ ಚೌಕಟ್ಟು ಬಾಯಿಪಾಠದಿಂದ ಕಲಿಕೆಯನ್ನು ಬಿಡಿಸಬೇಕು, ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂದಿತ್ತು. ಕರ್ನಾಟಕ ಅದನ್ನು ಅನುಸರಿಸಿ 2007ರಲ್ಲಿ ತನ್ನದೇ ಚೌಕಟ್ಟು ರೂಪಿಸಿಕೊಂಡಿತು. 2023ರ ಚೌಕಟ್ಟು ಆ ಆಶಯವನ್ನು ಮುಂದುವರಿಸುತ್ತಲೇ ಶಾಲೆಯ ರಚನೆಯನ್ನು ಬದಲಿಸುತ್ತದೆ.

ಹೊಸ ರಚನೆ ಐದು, ಮೂರು, ಮೂರು, ನಾಲ್ಕು ವರ್ಷಗಳದು. 3ರಿಂದ 8 ವರ್ಷದವರೆಗೆ ಬುನಾದಿ ಹಂತ. ಅಂಗನವಾಡಿಯ ಅಥವಾ ಶಿಶುವಿಹಾರದ ಮೂರು ವರ್ಷ, ಒಂದು ಮತ್ತು ಎರಡನೇ ತರಗತಿ ಇದರಲ್ಲಿ ಸೇರುತ್ತವೆ. ಮೂರರಿಂದ ಐದನೇ ತರಗತಿ ಪೂರ್ವಸಿದ್ಧತಾ ಹಂತ. ಆರರಿಂದ ಎಂಟು ಮಧ್ಯಮ ಹಂತ. ಒಂಬತ್ತರಿಂದ ಹನ್ನೆರಡು, ಅಂದರೆ ಪಿಯುಸಿಯೂ ಸೇರಿದಂತೆ, ಪ್ರೌಢ ಹಂತ. ಇವುಗಳಲ್ಲಿ ಪೋಷಕರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಬುನಾದಿ ಹಂತಕ್ಕೆ. ಆರು ವರ್ಷದೊಳಗಿನ ಮಗುವಿಗೆ ಪಠ್ಯಪುಸ್ತಕ ಬೇಡ, ಪರೀಕ್ಷೆ ಬೇಡ, ಆಟ, ಮಾತು, ಹಾಡು, ಕಥೆ, ಕೈಗೆ ಸಿಗುವ ವಸ್ತುಗಳೇ ಅದರ ಪಾಠ ಎಂದು ಚೌಕಟ್ಟು ಸ್ಪಷ್ಟವಾಗಿ ಹೇಳುತ್ತದೆ. ಕರ್ನಾಟಕದ ಅಂಗನವಾಡಿಗಳ ‘ಚಿಲಿಪಿಲಿ’ ಚಟುವಟಿಕೆಗಳ ಹಿಂದಿನ ಆಶಯವೂ ಇದೇ. ನಾಲ್ಕು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಬರೆಸುವ ಶಾಲೆಯೇ ಒಳ್ಳೆಯದೆಂಬ ನಂಬಿಕೆಯನ್ನು ಮನೆಗಳು ಬಿಡಬೇಕಾಗಿದೆ.

ಒಂದನೇ ತರಗತಿಗೆ ಸೇರುವ ವಯಸ್ಸೂ ಇದಕ್ಕೆ ಹೊಂದಿಕೊಂಡಿದೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕ 2025-26ರಿಂದ ಜಾರಿಗೆ ತರಲು ಹೊರಟು, ಆ ಒಂದು ವರ್ಷಕ್ಕೆ ಮಾತ್ರ ಐದೂವರೆ ವರ್ಷದ ಆಸುಪಾಸಿನ ಮಕ್ಕಳಿಗೆ ಸಡಿಲಿಕೆ ನೀಡಿತು. ಮಗು ಒಂದು ವರ್ಷ ಹಿಂದೆ ಬಿತ್ತೆಂದು ಕೊರಗುವ ಅಗತ್ಯವಿಲ್ಲ. ಆ ವರ್ಷ ಮಾತು ಬೆಳೆಯುವ, ಬೆರಳು ಬಲಿಯುವ ವರ್ಷ.

ಈ ಚೌಕಟ್ಟು ಬಳ್ಳಿಗಾವಿಯ ಸರ್ಕಾರಿ ಶಾಲೆಗೆ ನೇರವಾಗಿ ಅನ್ವಯಿಸುತ್ತದೆಯೇ? ಪೋಷಕರು ಕೇಳುವ ಈ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲಿದೆ. 1976ರ 42ನೇ ತಿದ್ದುಪಡಿಯಿಂದ ಶಿಕ್ಷಣ ಸಮವರ್ತಿ ಪಟ್ಟಿಗೆ ಸೇರಿತು. ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಅದರಲ್ಲಿ ಅಧಿಕಾರವಿದೆ. ಗಾಜನೂರಿನ ಜವಾಹರ ನವೋದಯ ವಿದ್ಯಾಲಯದಂಥ, ಸಿಬಿಎಸ್‌ಇಗೆ ಸೇರಿದ ಶಾಲೆಗಳಲ್ಲಿ ರಾಷ್ಟ್ರೀಯ ಚೌಕಟ್ಟು ಮತ್ತು ಎನ್‌ಸಿಇಆರ್‌ಟಿಯ ಹೊಸ ಪುಸ್ತಕಗಳು ನೇರವಾಗಿ ಬರುತ್ತವೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು. ಅವುಗಳಲ್ಲಿಯೂ ಪ್ರೌಢಶಾಲೆಯ ಗಣಿತ, ವಿಜ್ಞಾನಗಳಿಗೆ ಎನ್‌ಸಿಇಆರ್‌ಟಿ ಪಠ್ಯಗಳನ್ನೇ ಅಳವಡಿಸಿಕೊಳ್ಳಲಾಗಿದೆ.

ಕರ್ನಾಟಕ ಸರ್ಕಾರ 2023ರ ಅಕ್ಟೋಬರಿನಲ್ಲಿ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ರಚಿಸಿತು. 2025ರ ಆಗಸ್ಟಿನಲ್ಲಿ ಆಯೋಗ ವರದಿ ಸಲ್ಲಿಸಿತು. ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ ಎಂಬ ರಚನೆಯನ್ನು ಅದು ಶಿಫಾರಸು ಮಾಡಿದೆ. ಕನಿಷ್ಠ ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮವಾಗಬೇಕು, ಎರಡು ಭಾಷೆಗಳ ನೀತಿ ಬರಬೇಕು, ಪಠ್ಯಪುಸ್ತಕಗಳು ರಾಜ್ಯದವೇ ಆಗಬೇಕು ಎಂಬುವೂ ಅದರ ಶಿಫಾರಸುಗಳು. ರಾಷ್ಟ್ರೀಯ ಚೌಕಟ್ಟು ಹತ್ತನೇ ತರಗತಿಯ ಹೊತ್ತಿಗೆ ಮೂರು ಭಾಷೆಗಳನ್ನು, ಅವುಗಳಲ್ಲಿ ಕನಿಷ್ಠ ಎರಡು ಭಾರತೀಯ ಭಾಷೆಗಳನ್ನು ಬಯಸುತ್ತದೆ.

ವರ್ಷಗಳ ವಿಂಗಡಣೆಯಲ್ಲಿ, ಭಾಷೆಗಳ ಸಂಖ್ಯೆಯಲ್ಲಿ ಹೀಗೆ ಭಿನ್ನಾಭಿಪ್ರಾಯವಿದೆ, ಅದರ ಚರ್ಚೆ ನಡೆಯಲೇಬೇಕು. ಆದರೆ ಒಮ್ಮತ ಇರುವ ಕಡೆ ಪೋಷಕರು ಕಾಯಬೇಕಾಗಿಲ್ಲ. ಶಾಲಾಪೂರ್ವ ವರ್ಷಗಳಿಗೆ ಮಹತ್ವ ಬೇಕು, ಮೊದಲ ಕಲಿಕೆ ಮನೆಮಾತಿಗೆ ಹತ್ತಿರವಿರಬೇಕು, ಓದು ಬರಹ ಲೆಕ್ಕಗಳ ತಳಪಾಯ ಗಟ್ಟಿಯಾಗಬೇಕು. ಈ ಮೂರರಲ್ಲಿ ಎರಡೂ ಕಡೆಯ ಮಾತು ಒಂದೇ.

ಇನ್ನು ಮೂರನೆಯ ಭಾಗ, ತರಗತಿಯ ಒಳಗಿನ ಕಲಿಕೆ. ಇದನ್ನು ಉದಾಹರಣೆಗಳ ಮೂಲಕ ನೋಡುವುದು ಒಳ್ಳೆಯದು.

ಮೊದಲ ಉದಾಹರಣೆ ಓದಿನದು. ‘ಮಗು ಶಾಲೆಗೆ ಹೋಗಿ ಎರಡು ತಿಂಗಳಾಯಿತು, ಇನ್ನೂ ಅ ಆ ಇ ಈ ಹೇಳಲು ಬರುವುದಿಲ್ಲ’ ಎಂಬುದು ಸರ್ಕಾರಿ ಶಾಲೆಯ ಬಗ್ಗೆ ಅಜ್ಜ ಅಜ್ಜಿಯರ ಸಾಮಾನ್ಯ ದೂರು. ಕಾರಣ ‘ನಲಿ ಕಲಿ’ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇದರಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರ ತಿಳಿದ ಮಗು ‘ಸರ’, ‘ದರ’, ‘ಅರಸ’, ‘ಅಗಸ’, ‘ಗರಗಸ’ ಎಂಬ ಪದಗಳನ್ನು ತಾನೇ ಓದಬಲ್ಲದು. ಮುಂದಿನ ಗುಂಪು ಜ, ವ, ಮ, ಬ, ನ ಸೇರಿದೊಡನೆ ‘ಜನ’, ‘ಮರ’, ‘ಮನ’, ‘ವನ’, ‘ನಗರ’ ಓದುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೊರಟ ಮಗು ಹದಿನಾರು ಹದಿನೇಳು ಅಕ್ಷರ ಉರುಹೊಡೆದರೂ ಓದಲು ಪದ ಸಿಗುವುದು ಅಪರೂಪ. ಓದಿದ್ದಕ್ಕೆ ಅರ್ಥ ಹುಟ್ಟಿದ ಕ್ಷಣವೇ ಓದಿನ ರುಚಿ ಹತ್ತುವುದು. ವರ್ಣಮಾಲೆ ಬಿಟ್ಟುಹೋಗುವುದಿಲ್ಲ, ಅದು ಆಮೇಲೆ ಬರುತ್ತದೆ.

ನಲಿ ಕಲಿ ತರಗತಿಯಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕುಳಿತಿರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಅಷ್ಟಿಷ್ಟು ಸಹಾಯ ಸಾಕಾದವರು, ಜೊತೆಗಾರರ ಪೂರ್ಣ ನೆರವು ಪಡೆಯುವವರು, ಸ್ವಲ್ಪ ನೆರವು ಪಡೆಯುವವರು, ತಾವೇ ಕಲಿಯುವವರು. ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ‘ಕಲಿಕಾ ಏಣಿ’ಯಲ್ಲಿ ತಾನು ಎಲ್ಲಿದೆಯೆಂದು ಪ್ರತಿ ಮಗುವೂ ನೋಡಿಕೊಂಡು ಆ ಮೆಟ್ಟಿಲಿನ ಚಟುವಟಿಕೆಯ ಕಾರ್ಡ್ ಎತ್ತಿಕೊಳ್ಳುತ್ತದೆ. ನಾಟಿಯ ಹೊತ್ತಿನಲ್ಲಿ, ಮುಸುಕಿನ ಜೋಳ ಮುರಿಯುವ ಹೊತ್ತಿನಲ್ಲಿ, ಕಾಯಿಲೆ ಬಿದ್ದಾಗ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲು ಇದು ದಾರಿ ಮಾಡಿಕೊಡುತ್ತದೆ. ಇಂಥ ತರಗತಿ ಗದ್ದಲದಿಂದ ಕೂಡಿರುತ್ತದೆ. ಆ ಗದ್ದಲ ಅಶಿಸ್ತಲ್ಲ, ಓದುವ, ಕೇಳುವ, ತಿದ್ದುವ ಮಾತು. ಮಗು ಮೆಟ್ಟಿಲು ಏರುತ್ತಿದೆಯೇ ಎಂಬುದನ್ನು ಗಮನಿಸುವ ಶಿಕ್ಷಕರು ಇದ್ದಾಗ ಮಾತ್ರ ಪದ್ಧತಿ ಫಲ ಕೊಡುತ್ತದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಮನೆಮಾತಿನ ಪ್ರಶ್ನೆ ಇಲ್ಲಿಯೇ ಬರುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಂಡಾಗಳಲ್ಲಿ ಮಕ್ಕಳ ಮನೆಮಾತು ಲಂಬಾಣಿ, ಇನ್ನು ಕೆಲವು ಮನೆಗಳಲ್ಲಿ ಉರ್ದು. ಅವರಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ. ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೂ ಹೇಳುತ್ತದೆ. ಲಂಬಾಣಿಯಲ್ಲಿ ಪ್ರತ್ಯೇಕ ಪಠ್ಯಪುಸ್ತಕವಿಲ್ಲದಿದ್ದರೂ ಮಗು ತನ್ನ ಮಾತಿನಲ್ಲಿ ಉತ್ತರ ಹೇಳಿದಾಗ ಅದನ್ನು ತಪ್ಪೆನ್ನದೆ ಕನ್ನಡಕ್ಕೆ ಸೇತುವೆ ಕಟ್ಟುವುದು ಶಿಕ್ಷಕರಿಂದ ಸಾಧ್ಯ. ಮನೆಯಲ್ಲಿಯೂ ಅಜ್ಜಿಯ ಕಥೆ, ಒಗಟು, ಹಾಡು ನಿಲ್ಲಬಾರದು. ಮಾತಿನಲ್ಲಿ ಸಿರಿವಂತವಾದ ಮಗು ಯಾವ ಭಾಷೆಯಲ್ಲಾದರೂ ಬೇಗ ಓದಲು ಕಲಿಯುತ್ತದೆ. ಆದ್ದರಿಂದ ಓದುಬರಹ ಬಾರದ ತಾಯಿಯೂ ಮಗುವಿನ ಭಾಷಾ ಗುರುವಾಗಬಲ್ಲಳು.

ಎರಡನೆಯ ಉದಾಹರಣೆ ಲೆಕ್ಕದ್ದು. ಆಯತದ ವಿಸ್ತೀರ್ಣ ಉದ್ದ ಅಗಲಗಳ ಗುಣಲಬ್ಧ ಎಂಬುದು ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆಲ್ಲ ಬಾಯಿಗೆ ಬರುತ್ತದೆ. ‘ನಿಮ್ಮ ಅಡಿಕೆ ತೋಟ ಎಷ್ಟು ಗುಂಟೆ?’ ಎಂದರೆ ಲೆಕ್ಕ ನಿಂತುಹೋಗುತ್ತದೆ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1089 ಚದರಡಿ. ಅಂಥ 40 ಗುಂಟೆ ಸೇರಿದರೆ 43,560 ಚದರಡಿಯ ಒಂದು ಎಕರೆ. ಹೊಸ ಚೌಕಟ್ಟು ಕಲಿಕೆಗೆ ‘ಪಂಚಾದಿ’ ಎಂಬ ಐದು ಹೆಜ್ಜೆಗಳನ್ನು ಹೇಳುತ್ತದೆ: ಪರಿಚಯ, ಅರಿವು, ಅಭ್ಯಾಸ, ಬಳಕೆ, ವಿಸ್ತರಣೆ. ಮಕ್ಕಳು ಶಾಲೆಯ ಅಂಗಳದಲ್ಲಿ 33 ಅಡಿಯ ಹಗ್ಗ ಹಿಡಿದು ಒಂದು ಗುಂಟೆಯನ್ನು ಗುರುತಿಸುವುದು ಪರಿಚಯ. ಚದರಡಿ ಎಂದರೇನೆಂದು ಕಂಡುಕೊಳ್ಳುವುದು ಅರಿವು. ಪುಸ್ತಕದ ಲೆಕ್ಕಗಳು ಅಭ್ಯಾಸ. 66 ಅಡಿಗೆ 99 ಅಡಿಯ ತುಂಡು ಆರು ಗುಂಟೆ ಎಂದು ಹೇಳುವುದು ಬಳಕೆ. ಓರೆಯಾದ ಹೊಲವನ್ನು ಆಯತ, ತ್ರಿಕೋನಗಳಾಗಿ ಒಡೆದು ಅಳೆಯುವುದು ವಿಸ್ತರಣೆ. ಬಾಯಿಪಾಠ ಮಾಡಿದ ಸೂತ್ರಕ್ಕೂ ಕೈವಶವಾದ ಸಾಮರ್ಥ್ಯಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ. ಶಾಲೆಗಳಲ್ಲಿ ಬಳಸುವ ‘ಕಲಿಕಾ ಫಲ’ ಎಂಬ ಮಾತಿನ ಅರ್ಥವೂ ಇದೇ: ಪಾಠದ ಕೊನೆಯಲ್ಲಿ ಮಗು ಏನನ್ನು ಮಾಡಬಲ್ಲದು ಎಂಬುದು.

ಮೂರನೆಯ ಉದಾಹರಣೆ ಕಸುಬು ಮತ್ತು ಕಲೆ. ಆರನೇ ತರಗತಿಯಿಂದ ಎಲ್ಲ ಮಕ್ಕಳಿಗೂ ದುಡಿಮೆಯ ಪರಿಚಯವಾಗಬೇಕೆಂದು ರಾಷ್ಟ್ರೀಯ ಚೌಕಟ್ಟು ಹೇಳುತ್ತದೆ. ಅದು ಕೆಲಸಗಳನ್ನು ಮೂರಾಗಿ ವಿಂಗಡಿಸುತ್ತದೆ: ಜೀವಿಗಳೊಡನೆ ಮಾಡುವ ಕೆಲಸ, ವಸ್ತು ಮತ್ತು ಯಂತ್ರಗಳೊಡನೆ ಮಾಡುವ ಕೆಲಸ, ಮನುಷ್ಯರ ಸೇವೆಯ ಕೆಲಸ. ಭತ್ತದ ಸಸಿಮಡಿ, ಶುಂಠಿಯ ಪಾತಿ, ಹೈನು ಮೊದಲನೆಯದಕ್ಕೆ ಸೇರುತ್ತವೆ. ಸೊರಬ, ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆ ಎರಡನೆಯದಕ್ಕೆ. ಆರೋಗ್ಯ ಕೇಂದ್ರ, ಅಂಚೆ ಕಚೇರಿಗಳ ಕೆಲಸ ಮೂರನೆಯದಕ್ಕೆ. ಇದನ್ನು ಕೇಳಿ ‘ನಮ್ಮ ಮಕ್ಕಳನ್ನು ಮತ್ತೆ ಕೂಲಿಗೆ ಹಚ್ಚುತ್ತಾರೆ’ ಎಂದು ಕೆಲವು ಮನೆಗಳು ಹೆದರುವುದುಂಟು. ಜಾತಿಯ ಕಸುಬಿಗೆ ಕಟ್ಟಿಹಾಕಿದ ಇತಿಹಾಸ ಈ ನಾಡಿಗಿರುವುದರಿಂದ ಆ ಭಯಕ್ಕೆ ಕಾರಣವಿದೆ. ಅದಕ್ಕೇ ಎಲ್ಲ ಜಾತಿಯ ಗಂಡು, ಹೆಣ್ಣು ಮಕ್ಕಳೂ ಮೂರೂ ಬಗೆಯ ಕೆಲಸ ಮಾಡಿ ನೋಡುವುದು ಇಲ್ಲಿನ ಷರತ್ತು. ಸಸಿ ನೆಡುವ ಕೆಲಸ ಬಡವರ ಮಗುವಿಗೆ, ಕಂಪ್ಯೂಟರ್ ಉಳ್ಳವರ ಮಗುವಿಗೆ ಎಂದು ಯಾವ ಶಾಲೆ ಹಂಚಿದರೂ ಪೋಷಕರು ಒಪ್ಪಬಾರದು.

ಕಲೆಯ ಪಾಠಕ್ಕೆ ಈ ಸೀಮೆಯಲ್ಲಿ ಕೊರತೆಯೇ ಇಲ್ಲ. ಸೊರಬ, ಸಾಗರದ ದೀವರ ಮನೆಗಳ ಹಸೆ ಚಿತ್ತಾರವನ್ನು ಹತ್ತಿರದಿಂದ ನೋಡಬೇಕು. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಅಂಚಿನ ಗೆರೆಗಳು ಸಮಾನಾಂತರ, ಒಳಗೆ ಚೌಕ, ತ್ರಿಕೋನ, ಒಂದೇ ಅಳತೆಯಲ್ಲಿ ಮರುಕಳಿಸುವ ಎಳೆಗಳು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುವ ಚಿತ್ತಾರದಲ್ಲಿಯೂ ಇದೇ ಶಿಸ್ತು. ಸಮಮಿತಿಯ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಚಿತ್ರಗಳು ವಿರಳ. ಇವನ್ನು ಬಲ್ಲ ಹೆಂಗಸರನ್ನು ಶಾಲೆ ಅತಿಥಿ ಗುರುಗಳಾಗಿ ಕರೆದರೆ ಕಲೆ, ಗಣಿತ, ಊರಿನ ಬದುಕು ಮೂರೂ ಒಂದೇ ಪಾಠದಲ್ಲಿ ಕೂಡುತ್ತವೆ. ರಾಷ್ಟ್ರೀಯ ನೀತಿ ಹೇಳುವ ಬ್ಯಾಗ್ ರಹಿತ ದಿನಗಳಿಗೂ ಕರ್ನಾಟಕದ ಶಾಲೆಗಳು ತಿಂಗಳ ಮೂರನೇ ಶನಿವಾರ ಆಚರಿಸುವ ‘ಸಂಭ್ರಮ ಶನಿವಾರ’ಕ್ಕೂ ಇದು ಹೇಳಿ ಮಾಡಿಸಿದಂಥ ಕೆಲಸ. ಆ ದಿನ ಕೇದಾರೇಶ್ವರದ ಶಿಲ್ಪ, ತಾಳಗುಂದದ ಶಾಸನ, ಸೊರಬದ ಗುಡವಿಯ ಹಕ್ಕಿಗಳು ಮಕ್ಕಳ ಪಠ್ಯವಾಗಬಹುದು.

ಈಗ ನಾಲ್ಕನೆಯ ಮತ್ತು ಕೊನೆಯ ಭಾಗ: ಮೌಲ್ಯಮಾಪನ ಮತ್ತು ಪೋಷಕರು.

ಕರ್ನಾಟಕದ ಶಾಲೆಗಳಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಶಿಕ್ಷಕರು ಇವನ್ನು ಎಫ್‌ಎ, ಎಸ್‌ಎ ಎನ್ನುತ್ತಾರೆ. ಎಫ್‌ಎ ಕಲಿಯುವಾಗಲೇ ಮಗು ಎಲ್ಲಿ ಎಡವುತ್ತಿದೆ ಎಂದು ನೋಡಿ ತಿದ್ದಲು ಇರುವುದು. ಎಸ್‌ಎ ಅವಧಿಯ ಕೊನೆಯಲ್ಲಿ ಒಟ್ಟು ಕಲಿಕೆಯನ್ನು ಅಳೆಯಲು ಇರುವುದು. ಎಫ್‌ಎಗಾಗಿ ಮಗು ಮಾಡಬೇಕಾದ ಚಟುವಟಿಕೆಯನ್ನು ಮನೆಯವರೋ ಝೆರಾಕ್ಸ್ ಅಂಗಡಿಯವರೋ ಮಾಡಿಕೊಟ್ಟರೆ ಅಂಕ ಬರುತ್ತದೆ, ಎಡವಿದ ಜಾಗ ಮುಚ್ಚಿಹೋಗುತ್ತದೆ. ರಾಷ್ಟ್ರೀಯ ಚೌಕಟ್ಟಿನ ಸಮಗ್ರ ಪ್ರಗತಿ ಪತ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಶಿಕ್ಷಕರ ಜೊತೆಗೆ ಮಗು, ಸಹಪಾಠಿ ಮತ್ತು ಪೋಷಕರೂ ಅದರಲ್ಲಿ ತಮ್ಮ ಅಭಿಪ್ರಾಯ ದಾಖಲಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಕರ್ನಾಟಕ 2024ರಲ್ಲಿ ಒಂದೇ ವರ್ಷ ಮೂರು ಪರೀಕ್ಷೆಗಳ ಅವಕಾಶ ನೀಡಿದ್ದೂ, ಒಂದು ದಿನದ ಪರೀಕ್ಷೆ ಮಗುವಿನ ಭವಿಷ್ಯವನ್ನೇ ತೀರ್ಮಾನಿಸಬಾರದೆಂಬ ದಿಕ್ಕಿನದೇ.

ಪೋಷಕರಿಗೆ ಶಾಲೆಯಲ್ಲಿ ಕಾನೂನುಬದ್ಧ ಸ್ಥಾನವಿದೆ. ಕರ್ನಾಟಕ 2001ರಲ್ಲಿಯೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ರಚಿಸಲು ಆದೇಶಿಸಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು ಆ ಸಮಿತಿಯ ಕೆಲಸ. ಆದರೂ ಸಮಿತಿಯ ಸಭೆಗಳಲ್ಲಿ ಕಾಂಪೌಂಡು, ಕೊಠಡಿ ರಿಪೇರಿ, ಶೌಚಾಲಯ, ಬಿಸಿಯೂಟದ ಮಾತು ಮುಗಿಯುವ ಹೊತ್ತಿಗೆ ಸಂಜೆಯಾಗಿರುತ್ತದೆ. ಅವೆಲ್ಲ ಬೇಕಾದವೇ. ಕಲಿಕೆಯ ಮಾತಿಗೂ ಪ್ರತಿ ಸಭೆಯಲ್ಲಿ ಒಂದು ಗಂಟೆ ಮೀಸಲಾಗಬೇಕು.

ಅದಕ್ಕೆ ಒಳ್ಳೆಯ ವೇದಿಕೆ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮ. ಎಸ್‌ಎ ಮುಗಿದ ಮೇಲೆ ಮಕ್ಕಳ ಉತ್ತರ ಪತ್ರಿಕೆಗಳನ್ನು, ಕೆಲಸಗಳನ್ನು ಪೋಷಕರ ಮುಂದಿಡುವ ದಿನವದು. ಅಂದು ಸಹಿ ಹಾಕಿ ಹೊರಟುಬಿಡದೆ ಮೂರು ಪ್ರಶ್ನೆ ಕೇಳಬಹುದು. ಈ ಅವಧಿಯಲ್ಲಿ ಮಗುವಿಗೆ ಏನು ಬರಬೇಕಿತ್ತು? ಅದರಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ? ಬಾರದಿರುವುದಕ್ಕೆ ಶಾಲೆ ಏನು ಮಾಡುತ್ತದೆ, ಮನೆ ಏನು ಮಾಡಬೇಕು? ಎಷ್ಟನೇ ಸ್ಥಾನ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ಪಕ್ಕದ ಮನೆಯ ಮಗುವಿನ ಅಂಕಕ್ಕಿಂತ ತನ್ನ ಮಗುವಿನ ನಿನ್ನೆಯ ಮಟ್ಟವೇ ಸರಿಯಾದ ಹೋಲಿಕೆ.

ಮನೆಯ ಪಾಲಿನ ಕೆಲಸ ದೊಡ್ಡ ವೆಚ್ಚದ್ದಲ್ಲ. ಮಗುವನ್ನು ದಿನವೂ ಶಾಲೆಗೆ ಕಳಿಸುವುದು, ನಿತ್ಯ ಸ್ವಲ್ಪ ಹೊತ್ತು ಅದು ಗಟ್ಟಿಯಾಗಿ ಓದುವುದನ್ನು ಕೇಳುವುದು, ಸಂತೆಯ ಲೆಕ್ಕ, ಹಾಲಿನ ಡೇರಿಯ ಲೆಕ್ಕ, ಅಡಿಕೆ ತೂಕದ ಲೆಕ್ಕವನ್ನು ಅದರ ಕೈಯಲ್ಲಿ ಮಾಡಿಸುವುದು, ತಪ್ಪಾದಾಗ ಬೈಯದೆ ‘ಹೇಗೆ ಮಾಡಿದೆ, ಹೇಳು’ ಎನ್ನುವುದು. ಶಾಲೆಯ ಪಾಲಿನ ಕೆಲಸವೂ ಸ್ಪಷ್ಟ. ಪ್ರತಿ ತರಗತಿಯ ಕಲಿಕಾ ಫಲಗಳನ್ನು ಸುಲಭ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಜೂನ್ ತಿಂಗಳಲ್ಲಿ ಮನೆಗೆ ಕಳಿಸಬೇಕು, ಗೋಡೆಯ ಮೇಲೂ ಬರೆಸಬೇಕು. ಓದಲು ಬಾರದ ಪೋಷಕರಿಗೆ ಸಭೆಯಲ್ಲಿ ಓದಿ ಹೇಳಬೇಕು, ತಾಂಡಾಗಳಲ್ಲಿ ಲಂಬಾಣಿಯಲ್ಲಿ ಹೇಳಿಸಬೇಕು. ಸಭೆಯನ್ನು ದುಡಿಮೆಯ ಹೊತ್ತಿನಲ್ಲಿ ಕರೆಯದೆ, ಕೂಲಿಗೆ ಹೋಗುವ ತಾಯಂದಿರೂ ಬರಬಹುದಾದ ಸಮಯದಲ್ಲಿ ಕರೆಯಬೇಕು.

ಒಟ್ಟು ಸಾರಾಂಶವಿಷ್ಟು. ಚೌಕಟ್ಟು ರಾಷ್ಟ್ರದ್ದಿರಲಿ, ರಾಜ್ಯದ್ದಿರಲಿ, ಅದು ಮಗುವಿಗೆ ಕೊಟ್ಟ ಮಾತು: ಇಂಥ ವಯಸ್ಸಿಗೆ ನಿನಗೆ ಇಷ್ಟು ಬರುವಂತೆ ಮಾಡುತ್ತೇವೆ ಎಂಬ ಮಾತು. ಆ ಮಾತು ಏನೆಂದು ಮನೆಗೆ ತಿಳಿದಿದ್ದರೆ ಮಾತ್ರ ಅದು ನಡೆಯಿತೇ ಎಂದು ಕೇಳಲು ಸಾಧ್ಯ. ಪುಸ್ತಕಗಳು ಇನ್ನೂ ಬದಲಾಗುತ್ತವೆ, ಪರೀಕ್ಷೆಯ ನಿಯಮಗಳೂ ಬದಲಾಗುತ್ತವೆ. ತನ್ನ ಮಗುವಿನ ಕಲಿಕೆಯನ್ನು ತಿಳಿಯುವ, ಕೇಳುವ, ಜೊತೆಗೂಡಿ ತಿದ್ದುವ ಪೋಷಕರ ಹಕ್ಕು ಮತ್ತು ಕರ್ತವ್ಯ ಬದಲಾಗುವುದಿಲ್ಲ. ಅದನ್ನು ಬಳ್ಳಿಗಾವಿಯ, ಶಿಕಾರಿಪುರದ, ಸೊರಬದ ಪ್ರತಿ ಮನೆಯೂ ಈ ಶಾಲಾ ವರ್ಷದಿಂದಲೇ ಬಳಸಲಿ.